ಗಣಕದ ಆಟದಲ್ಲಿ ನಾಡಿಗೊಬ್ಬನೇ ನಾಯಕ

ಬೆಳ್ತಂಗಡಿ ತಾಲೂಕಿನ ನೆರಿಯ ಘಟ್ಟದ ಬುಡದ ಊರು. ಅಲ್ಲಿಂದ ಬೆಳಗ್ಗೆ ಹೊರಟವರು ಸಂಜೆಯೊಳಗೆ ಎಷ್ಟು ಅರಸುಮನೆತನಗಳ ನೆಲೆಗಳನ್ನು ನೋಡಿ ಬರಬಹುದು ಎಂದು ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. ಇದೇ ಘಟ್ಟಸಾಲಿನ ಬುಡದಲ್ಲಿ ಬಂಗಾಡಿ ಇದೆ. ಅದು ಬಂಗರಸರ ಹಳೆಯ ನೆಲೆ. ವೇಣೂರು, ಅಳದಂಗಡಿಗಳ ಕಡೆಗೆ ಹೋದರೆ ಅಜಿಲರು. ಬೈಲಂಗಡಿಯಲ್ಲಿ ಮೂಲರು. ಮೂಡುಬಿದಿರೆ, ಪುತ್ತಿಗೆಗಳಲ್ಲಿ ಚೌಟರು. ನಡುವೆ ಎಲ್ಲಿಂದ ನೋಡಿದರೂ ಕಾಣುವ ಗಡಾಯಿಕಲ್ಲು. ಅದರ ನೆತ್ತಿಯ ಮೇಲೆ 1794ರಲ್ಲಿ ಟಿಪ್ಪು ಕೋಟೆ ಕಟ್ಟಿಸಿ, ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದ. ಒಂದೇ ದಿನದ ದಾರಿಯಲ್ಲಿ ಇಷ್ಟು ಮಂದಿ.

ಈಗ ಈ ಸೀಮೆಯನ್ನೆಲ್ಲ ಪ್ರತಿನಿಧಿಸಲು ಒಬ್ಬನೇ ಅರಸನನ್ನು, ಅಥವಾ ಒಬ್ಬಳೇ ರಾಣಿಯನ್ನು ಹೆಸರಿಸಿ ಎಂದು ಯಾರಾದರೂ ಕೇಳಿದರೆ ಉತ್ತರವೇನು? ಇದು ಶಾಲೆಯ ರಸಪ್ರಶ್ನೆಯಲ್ಲ. ಕಂಪ್ಯೂಟರಿನಲ್ಲೂ ಈಗ ಕೈಯಲ್ಲಿರುವ ಮೊಬೈಲಿನಲ್ಲೂ ಆಡುವ ಒಂದು ಜಾತಿಯ ಆಟಗಳು ಈ ಪ್ರಶ್ನೆಯನ್ನು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಕೇಳುತ್ತ ಬಂದಿವೆ. ಉತ್ತರವನ್ನೂ ತಾವೇ ಕೊಟ್ಟುಕೊಂಡಿವೆ. ಚರಿತ್ರೆಯ ಪುಸ್ತಕವನ್ನು ಪರೀಕ್ಷೆಯ ಮರುದಿನವೇ ಮಡಚಿಟ್ಟ ಹುಡುಗರು ಇದೇ ಆಟಗಳನ್ನು ರಾತ್ರಿ ಹನ್ನೆರಡರ ತನಕ ಆಡುತ್ತಾರೆ. ಒಂದು ನಾಡೆಂದರೆ ಯಾರು ಎಂಬುದನ್ನು ಅವರು ಅಲ್ಲಿಂದಲೇ ಕಲಿಯುತ್ತಾರೆ. ಆದ್ದರಿಂದ ಆಟವಾದರೂ ಇದು ಹುಡುಗಾಟವಲ್ಲ.

ಹಿರಿಯರಿಗೆ ಈ ಆಟಗಳ ಪರಿಚಯ ಕಡಿಮೆ. ಮೊದಲು ಅವುಗಳ ಸ್ವರೂಪವನ್ನು ನೋಡೋಣ. ಇವನ್ನು ಕಾರ್ಯತಂತ್ರದ ಆಟಗಳೆನ್ನುತ್ತಾರೆ. ಕೈಚಳಕಕ್ಕಿಂತ ಯೋಚನೆ ಮುಖ್ಯ. ಚದುರಂಗದ ದೂರದ ಮೊಮ್ಮಕ್ಕಳು ಎನ್ನಬಹುದು. ಇವುಗಳಲ್ಲಿ ಹೆಸರುವಾಸಿಯಾದದ್ದು ಅಮೆರಿಕದ ಮೈಕ್ರೋಪ್ರೋಸ್ ಕಂಪನಿ 1991ರಲ್ಲಿ ಹೊರತಂದ ‘ಸಿವಿಲೈಸೇಷನ್’, ಅಂದರೆ ನಾಗರಿಕತೆ. ಸಿಡ್ ಮೀಯರ್ ಮತ್ತು ಬ್ರೂಸ್ ಶೆಲ್ಲಿ ಅದನ್ನು ರೂಪಿಸಿದವರು. ಕ್ರಿಸ್ತಪೂರ್ವ 4000ದಲ್ಲಿ ಆಟ ಆರಂಭ. ಆಟಗಾರನ ಕೈಯಲ್ಲಿ ಇರುವುದು ನೆಲೆಯೂರಲು ಹೊರಟ ಒಂದು ಗುಂಪು ಮಾತ್ರ. ಅವರು ಊರು ಕಟ್ಟಬೇಕು, ಕಾಡು ಕಡಿಯಬೇಕು, ಹೊಲಕ್ಕೆ ನೀರು ತರಬೇಕು, ದಾರಿ ಹಾಕಬೇಕು. ಆಮೇಲೆ ಲಿಪಿ, ಕಬ್ಬಿಣ, ಮದ್ದುಗುಂಡು, ರೈಲು. ಕೊನೆಗೆ ಅಣುಬಾಂಬು, ಇಲ್ಲವೇ ಬೇರೊಂದು ನಕ್ಷತ್ರಕ್ಕೆ ಹೊರಡುವ ಗಗನನೌಕೆ. ನೆರೆಯ ನಾಡುಗಳನ್ನು ಯಂತ್ರವೇ ಆಡಿಸುತ್ತದೆ. ಅವರೊಡನೆ ಸಂಧಿ ಅಥವಾ ಸಮರ.

ಇಲ್ಲಿಯೇ ನಾಯಕನ ಅಗತ್ಯ ಹುಟ್ಟುವುದು. ನಾಡಿಗೆ ಮುಖವಿಲ್ಲ. ಭೂಪಟದೊಡನೆ ಮಾತಾಡಲು ಬರುವುದಿಲ್ಲ. ಸಂಧಿಗೆ ಬಂದವನಿಗೆ ಕಣ್ಣು, ಮೀಸೆ, ಗತ್ತು ಇದ್ದರೆ ಆಟ ರಂಗೇರುತ್ತದೆ. ಹಾಗಾಗಿ ಮೊದಲ ಆಟದಲ್ಲಿದ್ದ 14 ಜನಾಂಗಗಳಿಗೂ ಒಬ್ಬೊಬ್ಬ ನಾಯಕನನ್ನು ಕೊಟ್ಟರು. ರೋಮನರಿಗೆ ಸೀಸರ್, ಗ್ರೀಕರಿಗೆ ಅಲೆಕ್ಸಾಂಡರ್, ಬ್ಯಾಬಿಲೋನಿಯಕ್ಕೆ ಹಮ್ಮುರಾಬಿ, ಈಜಿಪ್ಟಿಗೆ ರಾಮ್ಸೆಸ್, ಅಮೆರಿಕಕ್ಕೆ ಲಿಂಕನ್, ಇಂಗ್ಲೆಂಡಿಗೆ ಒಂದನೆಯ ಎಲಿಜಬೆತ್, ಫ್ರಾನ್ಸಿಗೆ ನೆಪೋಲಿಯನ್, ಮಂಗೋಲರಿಗೆ ಚೆಂಗಿಸ್ ಖಾನ್, ಜುಲು ಜನಕ್ಕೆ ಶಾಕಾ. ಚೀನಕ್ಕೆ ಮಾವೋ, ರಷ್ಯಕ್ಕೆ ಸ್ಟಾಲಿನ್. ಜರ್ಮನಿಗೆ ಮಾತ್ರ ಹದಿನೆಂಟನೆಯ ಶತಮಾನದ ಫ್ರೆಡರಿಕ್! ಜರ್ಮನಿಯ ಹೆಸರು ಹೇಳಿದೊಡನೆ ಲೋಕಕ್ಕೆ ನೆನಪಾಗುವವನನ್ನು ದಾಟಿ ಇನ್ನೂರು ವರ್ಷ ಹಿಂದಕ್ಕೆ ಹೋದರು. ಸ್ಟಾಲಿನ್ನನ ವಿಷಯದಲ್ಲಿ ಆ ಸಂಕೋಚ ಕಾಣಲಿಲ್ಲ. ಆ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇರಲಿಲ್ಲ. ಆಟದಲ್ಲಿ ಮಾತ್ರ ಸ್ಟಾಲಿನ್ ಉಳಿದ. ಪಟ್ಟಿ ಎಂದರೆ ಬರೇ ಪಟ್ಟಿಯಲ್ಲ, ಅದರೊಳಗೊಂದು ತೀರ್ಪು ಇರುತ್ತದೆ ಎಂಬುದಕ್ಕೆ ಇಷ್ಟು ಸಾಕು.

ಭಾರತಕ್ಕೆ ಬಂದವರು ಗಾಂಧೀಜಿ. ಲೋಕದ ಯಾವ ಮೂಲೆಯಲ್ಲೂ ಗುರುತು ಸಿಗುವ ಮುಖ; ಆಟ ಮಾರುವವರಿಗೆ ಅದು ಮುಖ್ಯ. ಆದರೆ ಗಾಂಧೀಜಿ ಎಂದೂ ಯಾವ ಸರಕಾರದ ಪದವಿಯನ್ನೂ ಹಿಡಿದವರಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷತೆಯನ್ನು ಕೂಡ ವಹಿಸಿದ್ದು ಜೀವನದಲ್ಲಿ ಒಮ್ಮೆ ಮಾತ್ರ, 1924ರ ಡಿಸೆಂಬರಿನಲ್ಲಿ, ಬೆಳಗಾವಿಯ ಅಧಿವೇಶನದಲ್ಲಿ. 1920, 1927 ಮತ್ತು 1934ರಲ್ಲಿ ಮೂರು ಬಾರಿ ಮಂಗಳೂರಿಗೆ ಬಂದಾಗಲೂ ಅವರ ಹಿಂದೆ ಇದ್ದದ್ದು ಸೈನ್ಯವಲ್ಲ, ಖಾದಿ ಮತ್ತು ಹರಿಜನ ನಿಧಿಯ ಜೋಳಿಗೆ. ಅಂಥವರನ್ನು ಸೇನೆ ಕಳುಹಿಸುವ, ಕೋಟೆ ಮುರಿಯುವ ಚಕ್ರವರ್ತಿಯ ಸ್ಥಾನದಲ್ಲಿ ಕುಳ್ಳಿರಿಸಲಾಯಿತು.

ಇದರಿಂದ ಹುಟ್ಟಿದ ಒಂದು ದಂತಕಥೆ ಲೋಕಪ್ರಸಿದ್ಧ. ಆಟದ ಪ್ರತಿ ನಾಯಕನಿಗೂ ಆಕ್ರಮಣಶೀಲತೆಯ ಒಂದು ಅಂಕ ಇರುತ್ತದೆ. ಗಾಂಧೀಜಿಗೆ ಇದ್ದದ್ದು 1. ನಾಡು ಪ್ರಜಾಪ್ರಭುತ್ವಕ್ಕೆ ಬದಲಾದರೆ ಅಂಕದಿಂದ 2 ಕಳೆಯಬೇಕು. ಒಂದರಲ್ಲಿ ಎರಡು ಹೋಗುವುದಿಲ್ಲ. ಸೊನ್ನೆಗಿಂತ ಕೆಳಗೆ ಎಣಿಸಲಾರದ ಯಂತ್ರ ಸುತ್ತು ಹಾಕಿ 255ಕ್ಕೆ ಹೋಯಿತು. ಅಹಿಂಸೆಯ ಪ್ರತಿಮೂರ್ತಿ ಹೋದಲ್ಲೆಲ್ಲ ಅಣುಬಾಂಬು ಹಾಕತೊಡಗಿದರು ಎಂಬುದು ಕಥೆ. ಕೇಳಲು ಸೊಗಸಾಗಿದೆ. ಆದರೆ ನಿಜವಲ್ಲ. ಸಿಡ್ ಮೀಯರ್ 2020ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ ಅಂಥ ದೋಷ ಮೊದಲ ಆಟದಲ್ಲಿ ಇರಲೇ ಇಲ್ಲ ಎಂದು ಸ್ಪಷ್ಟಪಡಿಸಿದರು. ಅಣುಬಾಂಬು ಕೈಗೆ ಬಂದ ಮೇಲೆ ಆ ಆಟದಲ್ಲಿ ಎಲ್ಲ ನಾಯಕರೂ ಒಂದೇ ಬಗೆಯ ಬೆದರಿಕೆಯ ಮಾತಾಡುತ್ತಾರೆ; ಲಿಂಕನ್ ಆಡಿದರೆ ಯಾರೂ ಗಮನಿಸುವುದಿಲ್ಲ, ಗಾಂಧಿ ಆಡಿದರೆ ಮರೆಯುವುದಿಲ್ಲ, ಅಷ್ಟೆ. ಆದರೆ 2010ರ ಐದನೆಯ ಆವೃತ್ತಿಯಲ್ಲಿ ತಯಾರಕರೇ ತಮಾಷೆಗಾಗಿ ಗಾಂಧೀಜಿಯ ಅಣ್ವಸ್ತ್ರದ ಒಲವಿಗೆ ಹತ್ತಕ್ಕೆ ಹನ್ನೆರಡು ಅಂಕ ಕೊಟ್ಟರು. ಸುಳ್ಳು ಕಥೆ ಹೀಗೆ ನಿಜವಾಯಿತು.

ಕರಾವಳಿಯವರಿಗೆ ಈ ತೊಡಕನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ತಾಳಮದ್ದಳೆಯ ಕೂಟ ಕೇಳಿದವರಿಗೆ ಗೊತ್ತು. ಅರ್ಥಧಾರಿ ಕರ್ಣನಾಗಲಿ, ಕೌರವನಾಗಲಿ, ಪೀಠಿಕೆ ಹಾಕಿದ ಕ್ಷಣದಿಂದ ಆ ಪಾತ್ರದ ಹೊಣೆ ಅವನದು. ಎದುರು ಪಾತ್ರವನ್ನು ವಾದದಲ್ಲಿ ಸೋಲಿಸಬಹುದು, ಪ್ರಸಂಗದಲ್ಲಿ ಇಲ್ಲದ ತರ್ಕವನ್ನೂ ತರಬಹುದು. ಆದರೆ ಪಾತ್ರದ ಸ್ವಭಾವಕ್ಕೆ ಒಗ್ಗದ ಮಾತು ಬಂದರೆ ಹಿಂದಿನ ಸಾಲಿನ ಹಿರಿಯರು ಗೊಣಗುತ್ತಾರೆ, ‘ಪಾತ್ರ ಕೆಟ್ಟಿತು’ ಎಂದು. ರಾಮನಿಗೆ ರಾವಣನ ಅರ್ಥ ಹೇಳಿಸಿದರೆ ಮಾತು ಎಷ್ಟೇ ಚೆನ್ನಾಗಿದ್ದರೂ ಅದು ರಾಮನ ಅರ್ಥವಾಗುವುದಿಲ್ಲ. ಗಣಕದ ಆಟದಲ್ಲಿ ತೊಂದರೆಯೇ ಇದು: ವೇಷ ಹದಿನಾಲ್ಕು, ಅರ್ಥ ಒಂದೇ. ಗಾಂಧಿಯ ವೇಷಕ್ಕೂ ಚೆಂಗಿಸ್ ಖಾನನ ವೇಷಕ್ಕೂ ಯಂತ್ರ ಬರೆದುಕೊಟ್ಟಿರುವುದು ನೆಲ ಹಿಡಿಯುವ ಅರ್ಥವೇ.

ಯಾರ ಪೂರ್ವಿಕರನ್ನು ಹೀಗೆ ವೇಷ ಕಟ್ಟಿಸಿದರೋ ಅವರಲ್ಲಿ ಕೆಲವರು ಎದ್ದು ನಿಂತು ಬೇಡವೆಂದದ್ದೂ ಉಂಟು. 2013ರ ಸುಮಾರಿಗೆ ಇದೇ ಆಟಕ್ಕೆ ಅಮೆರಿಕದ ಪ್ಯೂಬ್ಲೊ ಮೂಲನಿವಾಸಿಗಳನ್ನು ಸೇರಿಸುವ ಯೋಜನೆ ಇತ್ತು. 1680ರಲ್ಲಿ ಸ್ಪೇನಿನವರ ವಿರುದ್ಧ ದಂಗೆ ಎಬ್ಬಿಸಿದ ಪೋಪೇ ಅವರ ನಾಯಕನಾಗಬೇಕಿತ್ತು. ಆತ ಅವರಿಗೆ ಧಾರ್ಮಿಕ ಪುರುಷ. ಅವನ ರೂಪವನ್ನು ಆಟದ ಪರದೆಯ ಮೇಲೆ ತೋರಿಸುವುದು ಸಲ್ಲದು ಎಂದು ಪ್ಯೂಬ್ಲೊ ಸಮುದಾಯದ ಮಂಡಳಿ ಹೇಳಿತು. ತಯಾರಕರು ಒಪ್ಪಿ, ಆ ಜಾಗಕ್ಕೆ ಶೋಶೋನಿ ಜನರನ್ನು ತಂದರು. 2018ರಲ್ಲಿ ಕೆನಡಾದ ಕ್ರೀ ಜನರ ನಾಯಕ ಪೌಂಡ್‌ಮೇಕರನನ್ನು ಆಟಕ್ಕೆ ಸೇರಿಸಿದಾಗ ಮಾತ್ರ ಮೊದಲು ಕೇಳುವ ಗೋಜಿಗೆ ಹೋದಂತೆ ಕಾಣಲಿಲ್ಲ. ಅವನ ಜನರ ಮುಖಂಡರೊಬ್ಬರು ಎತ್ತಿದ ಆಕ್ಷೇಪ ಯೋಚಿಸುವಂಥದು. ನೆಲವನ್ನು ಗೆದ್ದುಕೊಳ್ಳುವುದು ವಲಸೆ ಬಂದ ಬಿಳಿಯರ ಮೌಲ್ಯ; ಅದೇ ಮೌಲ್ಯ ಕ್ರೀ ಜನರದೂ ಆಗಿತ್ತು ಎಂದು ಆಟ ಸಾರುತ್ತದೆ ಎಂಬುದು ಅವರ ಮಾತು. ಶಾಂತಿಗಾಗಿ ದುಡಿದ ಪೌಂಡ್‌ಮೇಕರನನ್ನು 1885ರಲ್ಲಿ ರಾಜದ್ರೋಹದ ಆರೋಪ ಹೊರಿಸಿ ಸೆರೆಗೆ ತಳ್ಳಿದ್ದರು. ಕೆನಡಾ ಸರಕಾರ ಅವನನ್ನು ನಿರ್ದೋಷಿ ಎಂದು ಸಾರಿದ್ದು 2019ರ ಮೇ ತಿಂಗಳಲ್ಲಿ, ಅಂದರೆ ಆಟ ಅವನಿಗೆ ಪಟ್ಟ ಕಟ್ಟಿ ಒಂದು ವರ್ಷವಾದ ಮೇಲೆ.

ಪ್ಯೂಬ್ಲೊ ಜನರ ಸಂಕೋಚ ತುಳುನಾಡಿಗೆ ಹೊಸದಲ್ಲ. ಕೋಟಿ ಚೆನ್ನಯರನ್ನು ನಾಯಕರಾಗಿ ಹಾಕಿದರೆ ಹೇಗೆ ಎಂದು ಯಾವನಾದರೂ ಉತ್ಸಾಹಿ ಕೇಳಬಹುದು. ಅವರು ವೀರರು, ಜೋಡಿ ಸೋದರರು, ಹಳ್ಳಿಯ ಮಕ್ಕಳಿಗೂ ಅವರ ಕಥೆ ಬಾಯಿಪಾಠ. ಆದರೆ ಗರಡಿಗಳಲ್ಲಿ ಅವರಿಗೆ ದೀಪ ಇಡುತ್ತಾರೆ, ನೇಮ ನಡೆಯುತ್ತದೆ. ದೈವದ ವೇಷವನ್ನು ಕೋಲದ ಚಪ್ಪರದ ಹೊರಗೆ, ವೇದಿಕೆಯ ಮೇಲೆ, ಮೆರವಣಿಗೆಯಲ್ಲಿ ಕಟ್ಟಬಾರದೆಂಬ ಮಾತು ಇಲ್ಲಿ ಹಿಂದಿನಿಂದಲೂ ಇದೆ. 2022ರಲ್ಲಿ ‘ಕಾಂತಾರ’ ಚಲನಚಿತ್ರ ಬಂದ ಮೇಲೆ ಅಲ್ಲಲ್ಲಿ ಅದರ ಅನುಕರಣೆ ನಡೆದಾಗ ಆ ಮಾತಿಗೆ ಮತ್ತಷ್ಟು ಕಾವು ಬಂತು. ಬೆರಳ ತುದಿಯಿಂದ ಆಡಿಸುವ ಬೊಂಬೆಯಾಗಿ, ಸೋತರೆ ಅಳಿಸಿಹೋಗುವ ಚಿತ್ರವಾಗಿ ಕೋಟಿ ಚೆನ್ನಯರು ಬರುವುದನ್ನು ಗರಡಿಯ ಜನ ಒಪ್ಪುವರೇ? ಕೇಳದೆ ಮಾಡುವುದಂತೂ ತಪ್ಪು.

ಅರಸರ ವಿಷಯಕ್ಕೆ ಬಂದರೆ ಕನ್ನಡ ನಾಡಿನ ಸ್ಥಿತಿ ಈ ಆಟಗಳಲ್ಲಿ ಹೇಗಿದೆ? ಬಹುಕಾಲ ಇಡೀ ಭಾರತಕ್ಕೆ ಗಾಂಧೀಜಿಯೇ ಗತಿ. ನಡುವೆ 1996ರ ಎರಡನೆಯ ಆವೃತ್ತಿಯಲ್ಲಿ ಜೊತೆಗೆ ಇಂದಿರಾ ಗಾಂಧಿ, ನಾಲ್ಕನೆಯದರಲ್ಲಿ ಅಶೋಕ, ಆರನೆಯದಕ್ಕೆ 2018ರಲ್ಲಿ ಚಂದ್ರಗುಪ್ತ ಮೌರ್ಯ ಬಂದರು. 2025ರ ಏಳನೆಯ ಆವೃತ್ತಿ ಬಿಡುಗಡೆಯಾದಾಗ ಭಾರತದಿಂದ ಮೌರ್ಯ, ಚೋಳ, ಮೊಘಲ ಎಂಬ ಮೂರು ಹೆಸರುಗಳಿದ್ದವು. ಇನ್ನೊಂದು ಪ್ರಸಿದ್ಧ ಆಟ ‘ಏಜ್ ಆಫ್ ಎಂಪೈರ್ಸ್’ ತನ್ನ ಎರಡನೆಯ ಭಾಗದಲ್ಲಿ ಮೊದಲು ಎಲ್ಲರನ್ನೂ ‘ಭಾರತೀಯರು’ ಎಂದು ಒಂದೇ ಚೀಲಕ್ಕೆ ತುಂಬಿತ್ತು. 2022ರಲ್ಲಿ ತಪ್ಪು ತಿದ್ದಿಕೊಳ್ಳಲು ಹೊರಟು ಹಿಂದೂಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ವಿಂಗಡಿಸಿತು. ದ್ರಾವಿಡರ ಕಥಾನಾಯಕ ರಾಜೇಂದ್ರ ಚೋಳ. ಆತ ಜೀವನವಿಡೀ ಯಾರ ಮೇಲೆ ಕಾದಿದನೋ ಆ ಕಲ್ಯಾಣದ ಚಾಲುಕ್ಯರೂ ಈ ವಿಂಗಡಣೆಯಲ್ಲಿ ಹೋಗಿ ಸೇರಬೇಕಾದದ್ದು ಅದೇ ದ್ರಾವಿಡರ ಚೀಲಕ್ಕೇ!

ಅಶೋಕನ ಆಯ್ಕೆಯಲ್ಲಿ ಕರ್ನಾಟಕಕ್ಕೂ ಒಂದು ಪಾಲಿದೆ ಎಂಬುದು ಆಡುವವರಿಗೆ ತಿಳಿದಿರಲಾರದು. ಶಾಸನಗಳಲ್ಲಿ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂದಿರುವ ಅರಸ ಅಶೋಕನೇ ಎಂಬುದು ಬಂಡೆಯ ಮೇಲಿನ ಬರಹದಿಂದಲೇ ಖಚಿತವಾದದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ. ಅಲ್ಲಿ ‘ಅಶೋಕ’ ಎಂಬ ಹೆಸರೇ ಇದೆ. ಅವನ ಮುಖ ಬೇಕೆಂದರೂ ಬರಬೇಕಾದದ್ದು ಇಲ್ಲಿಗೇ. ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಲ್ಲಿ ಸಿಕ್ಕ ಕಲ್ಲುಹಲಗೆಯೊಂದರಲ್ಲಿ ರಾಣಿ, ಪರಿಚಾರಿಕೆಯರ ನಡುವೆ ನಿಂತ ಅರಸನ ಕೆಳಗೆ ‘ರಾಯೊ ಅಸೋಕೊ’ ಎಂದು ಬ್ರಾಹ್ಮಿಯಲ್ಲಿ ಬರೆದಿದೆ. ಅದೂ ಅವನು ಸತ್ತು ಎಷ್ಟೋ ಕಾಲವಾದ ಮೇಲೆ ಶಿಲ್ಪಿ ಕಲ್ಪಿಸಿಕೊಂಡ ರೂಪವೇ. ಅಂದರೆ ಇಲ್ಲದ ಮುಖವನ್ನು ಕಲ್ಪಿಸಿ ಕೆಳಗೆ ಹೆಸರು ಬರೆಯುವ ಕೆಲಸ ಗಣಕ ಬಂದ ಮೇಲೆ ಶುರುವಾದದ್ದಲ್ಲ.

ಕನ್ನಡಕ್ಕೇ ಒಬ್ಬ ನಾಯಕ ಬೇಕೆಂದರೆ ಹತ್ತರಲ್ಲಿ ಎಂಟು ಮಂದಿ ಕೃಷ್ಣದೇವರಾಯನೆನ್ನುತ್ತಾರೆ. ‘ಕನ್ನಡ ರಾಜ್ಯ ರಮಾರಮಣ’ ಎಂಬ ಬಿರುದು ಅವನದು. ಅವನು ಬರೆದ ಕಾವ್ಯ ‘ಆಮುಕ್ತಮಾಲ್ಯದ’ ತೆಲುಗಿನದು. ಅವನ ವಂಶದ ಹೆಸರು ತುಳುವ! ಆಟದ ತಯಾರಕ ಅವನನ್ನು ಯಾವ ನಾಡಿನ ಹೆಸರಿನಡಿ ಇಟ್ಟರೂ ಎರಡು ಕಡೆಯಿಂದ ಪತ್ರ ಬರುವುದು ಖಂಡಿತ. ಟಿಪ್ಪುವಿನ ಮಾತಂತೂ ಕೇಳುವುದೇ ಬೇಡ. ಅವನ ಜಯಂತಿಯನ್ನು ಸರಕಾರವೇ 2015ರಲ್ಲಿ ಆರಂಭಿಸಿ 2019ರಲ್ಲಿ ನಿಲ್ಲಿಸಿತು. ರಾಕೆಟ್ಟಿನ ಮಾತು ಬಂದಲ್ಲಿ ಒಂದು ಮುಖ, 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು ನೆನಪಿರುವ ಮನೆಗಳಲ್ಲಿ ಇನ್ನೊಂದು ಮುಖ.

ತುಳುನಾಡಿನಲ್ಲಿ ತೊಡಕು ಇನ್ನೂ ಆಳದ್ದು. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಇಲ್ಲಿ ಒಬ್ಬ ಚಕ್ರವರ್ತಿ ಇರಲಿಲ್ಲ. ಆಳುಪರ ಕಾಲ ಮುಗಿದ ಮೇಲೆ ವಿಜಯನಗರದ, ಆಮೇಲೆ ಇಕ್ಕೇರಿಯ ನೆರಳಿನಲ್ಲಿ ಬಂಗ, ಚೌಟ, ಅಜಿಲ, ಮೂಲ, ಸಾವಂತ, ಕಾರ್ಕಳದ ಭೈರರಸ ಎಂದು ಹಲವು ಮನೆತನಗಳು ಮಗ್ಗುಲಲ್ಲಿ ಮಗ್ಗುಲಿಟ್ಟು ಆಳಿದವು. ಅವರಲ್ಲಿ ಮದುವೆಯೂ ಇತ್ತು, ಜಗಳವೂ ಇತ್ತು, ಪೈಪೋಟಿಯೂ ಇತ್ತು. ಕಾರ್ಕಳದಲ್ಲಿ 1432ರಲ್ಲಿ ಗೊಮ್ಮಟ ನಿಂತರೆ ವೇಣೂರಿನ ತಿಮ್ಮಣ್ಣ ಅಜಿಲ 1604ರಲ್ಲಿ ತನ್ನೂರಿನಲ್ಲೂ ನಿಲ್ಲಿಸಿದ. ಪಟ್ಟ ಹೋಗುತ್ತಿದ್ದದ್ದು ಅಳಿಯಕಟ್ಟಿನಂತೆ. ತಂದೆಯಿಂದ ಮಗನಿಗಲ್ಲ, ಮಾವನಿಂದ ಸೋದರಳಿಯನಿಗೆ, ಅಥವಾ ಸೋದರಸೊಸೆಗೆ. ಆದ್ದರಿಂದ ಹೆಣ್ಣು ಗದ್ದುಗೆ ಏರುವುದು ಇಲ್ಲಿ ಅಪವಾದವಾಗಿರಲಿಲ್ಲ. ವೇಣೂರಿನಲ್ಲಿ ಮಧುರಕ್ಕ ದೇವಿ ಆಳಿದಳು, ಉಳ್ಳಾಲದಲ್ಲಿ ಅಬ್ಬಕ್ಕ. ಮತ್ತೊಂದು ವಿಶೇಷವೆಂದರೆ ಹೆಸರು ವ್ಯಕ್ತಿಯದ್ದಾಗಿರದೆ ಮನೆಯದ್ದಾಗಿತ್ತು. ಅದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ತಿರುಗಿ ಬರುತ್ತಿತ್ತು. ವೇಣೂರಿನ ಗೊಮ್ಮಟನನ್ನು ನಿಲ್ಲಿಸಿದ ತಿಮ್ಮಣ್ಣ ಅಜಿಲ ಆ ಹೆಸರಿನ ನಾಲ್ಕನೆಯವನು.

ಇಂಥಲ್ಲಿ ಒಬ್ಬರನ್ನು ಆರಿಸಿದರೆ ಏನಾಗುತ್ತದೆ? ಅಬ್ಬಕ್ಕನ ಉದಾಹರಣೆ ಕಣ್ಣಮುಂದಿದೆ. ಇಂದು ತುಳುನಾಡಿಗೆ ಯಾರಾದರೂ ಆಟ ಕಟ್ಟಿದರೆ ನಾಯಕಿ ಅವಳೇ. ಇದರಲ್ಲಿ ಅನುಮಾನವಿಲ್ಲ. 2012ರಲ್ಲಿ ಕರಾವಳಿ ಕಾವಲು ಪಡೆಯ ಹಡಗಿಗೆ ಅವಳ ಹೆಸರಿಟ್ಟರು. 2023ರ ಡಿಸೆಂಬರಿನಲ್ಲಿ ಅಂಚೆಚೀಟಿ ಬಂತು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದಲ್ಲಿ ಕಲಾವಿದರು ಅವಳ ಬದುಕನ್ನು ಚಿತ್ರಗಳಲ್ಲಿ ಬಿಡಿಸಿಟ್ಟಿದ್ದಾರೆ. ಕೈಯಲ್ಲಿ ಕತ್ತಿ, ನೆಟ್ಟ ನೋಟದ ಅಬ್ಬಕ್ಕನ ರೂಪ ಇಂದು ಎಲ್ಲರಿಗೂ ಪರಿಚಿತ. ಪರಿಚಿತ ಕಥೆ ಹೀಗಿದೆ: ಚೌಟರ ಮನೆಯ ಹೆಣ್ಣುಮಗಳು, ಮಾವ ತಿರುಮಲರಾಯ ಪಟ್ಟ ಕಟ್ಟಿದ, ಮಂಗಳೂರಿನ ಬಂಗರಸ ಲಕ್ಷ್ಮಪ್ಪನೊಡನೆ ಮದುವೆ, ಮನಸ್ತಾಪವಾಗಿ ಒಡವೆ ಹಿಂದಿರುಗಿಸಿ ಬಂದಳು, 1555ರಿಂದ ಪೋರ್ಚುಗೀಸರು ಮತ್ತೆ ಮತ್ತೆ ಏರಿ ಬಂದಾಗ ಎದುರಿಸಿದಳು, ಗಂಡ ಸೇಡಿನಿಂದ ಅವರೊಡನೆ ಸೇರಿದ.

ಇಲ್ಲಿ ಒಂದು ಸಣ್ಣ ಲೆಕ್ಕ ಹಾಕಿ ನೋಡಬೇಕು. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲ್ಲೆ ಇಕ್ಕೇರಿಯನ್ನು ನೋಡಿಕೊಂಡು 1623ರ ಕೊನೆಗೆ ಮಂಗಳೂರಿಗೆ ಇಳಿದು, ಉಳ್ಳಾಲದ ರಾಣಿಯನ್ನು ಒಳನಾಡಿನ ಮಣೇಲಿನಲ್ಲಿ ಕಂಡು ಮಾತಾಡಿದ. ಅವಳ ಹೆಸರನ್ನೂ, ಚೌಟ ಎಂಬ ಮನೆತನವನ್ನೂ ತನ್ನ ಕಿವಿಗೆ ಕೇಳಿಸಿದಂತೆ ಬರೆದಿಟ್ಟಿದ್ದಾನೆ. ಹೆಸರು ಅಬ್ಬಕ್ಕನೇ. ವಯಸ್ಸು ನಲ್ವತ್ತರ ಸುಮಾರು ಇದ್ದೀತು ಎನ್ನುತ್ತಾನೆ. ಪೋರ್ಚುಗೀಸರು ಇನ್ನೂ ಮುದುಕಿಯೆಂದು ತನಗೆ ಹೇಳಿದ್ದರೆಂದೂ ಸೇರಿಸುತ್ತಾನೆ. 1623ರಲ್ಲಿ ನಲ್ವತ್ತು ಎಂದರೆ ಹುಟ್ಟಿದ್ದು 1583ರ ಆಸುಪಾಸು. 1555ರಲ್ಲಿ ಕಾದಿದವಳು ಇವಳಾಗಿರಲು ಸಾಧ್ಯವೇ ಇಲ್ಲ. ಇಬ್ಬರಾದರೂ ಅಬ್ಬಕ್ಕರು ಇದ್ದಿರಬೇಕು. ಇನ್ನೂ ಒಬ್ಬಳಿದ್ದಳೆನ್ನುವ ವಿದ್ವಾಂಸರೂ ಇದ್ದಾರೆ. ಒಡವೆ ಹಿಂದಿರುಗಿಸಿದ್ದು, ದೋಣಿಯಲ್ಲಿ ಹೋಗುತ್ತಿದ್ದವಳನ್ನು ಬಂಗರಸ ಹಿಡಿಸಿದ್ದು, ಮಾತಿನ ಜಾಣ್ಮೆಯಿಂದ ಅವಳು ಬಿಡಿಸಿಕೊಂಡದ್ದು, ಅವನು ಪೋರ್ಚುಗೀಸರನ್ನೂ ಅವಳು ಇಕ್ಕೇರಿಯ ವೆಂಕಟಪ್ಪ ನಾಯಕನನ್ನೂ ನೆರವಿಗೆ ಕರೆದದ್ದು, ಈ ಕಣ್ಣಿಗೆ ಕಟ್ಟುವ ವಿವರಗಳೆಲ್ಲ ಡೆಲ್ಲಾ ವಾಲ್ಲೆ ಹೇಳುವುದು ತಾನು ಕಂಡ ಈ ರಾಣಿಯ ಬಗ್ಗೆ. ಜನಮನದಲ್ಲಿ ಅವು ಹೋಗಿ ಹಿಂದಿನ ಶತಮಾನದ ಯುದ್ಧಗಳಿಗೆ ಅಂಟಿಕೊಂಡಿವೆ. ಇಬ್ಬರು ಹೆಂಗಸರ ಎರಡು ಆಯುಷ್ಯದ ಸಾಹಸ ಒಬ್ಬಳ ಖಾತೆಗೆ ಜಮೆಯಾಗಿದೆ. ಇನ್ನೊಬ್ಬಳು ಇದ್ದಳೆಂಬುದೇ ಮರೆತುಹೋಗಿದೆ.

ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ನವನಾರೀಕುಂಜರ ಎಂಬ ಕೆತ್ತನೆ ಇದೆ. ದೂರದಿಂದ ಆನೆ, ಹತ್ತಿರ ಹೋದರೆ ಒಬ್ಬರಿಗೊಬ್ಬರು ಹೆಣೆದುಕೊಂಡ ಒಂಬತ್ತು ಹೆಂಗಸರು. ಅಬ್ಬಕ್ಕನ ಮನೆತನದವರದೇ ಅರಮನೆ ಅದು.

ನಾಯಕಿ ಒಬ್ಬಳಾದರೆ ಖಳನೂ ಬೇಕಾಗುತ್ತದೆ. ಆ ಪಾತ್ರ ಬಿದ್ದದ್ದು ಬಂಗರಸನ ಪಾಲಿಗೆ. ಬೆಳ್ತಂಗಡಿ ಸೀಮೆಯ ಜನ ಇದನ್ನು ಗಮನಿಸಬೇಕು, ಏಕೆಂದರೆ ಬಂಗಾಡಿಯಿಂದ ಬೆಳೆದ ಮನೆತನ ಅದು. ಆಟದಲ್ಲಾಗಲಿ ನಾಟಕದಲ್ಲಾಗಲಿ ಲಕ್ಷ್ಮಪ್ಪ ಬಂಗರಸ ಎಂದರೆ ಹೆಂಡತಿಯ ಮೇಲಿನ ಸಿಟ್ಟಿಗೆ ಪರಕೀಯರ ಕೈ ಹಿಡಿದವನು. ಆದರೆ 1837ಕ್ಕೆ ಬನ್ನಿ. ಅಮರ ಸುಳ್ಯದಲ್ಲಿ ಎದ್ದ ರೈತರ ದಂಗೆ ಮಂಗಳೂರಿಗೆ 1837ರ ಏಪ್ರಿಲಿನಲ್ಲಿ ನುಗ್ಗಿ, ಕೆಲವು ದಿನ ಇಂಗ್ಲಿಷರ ಆಡಳಿತವನ್ನೇ ಕಿತ್ತೊಗೆದಾಗ ಅದರೊಡನೆ ನಿಂತ ಅರಸ ನಂದಾವರದ ಬಂಗರಸ. ಅವನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಅವನ ಹೆಸರೂ ಲಕ್ಷ್ಮಪ್ಪನೇ! ಒಂದೇ ಮನೆ, ಒಂದೇ ಹೆಸರು. ಒಬ್ಬ ಪರಕೀಯರೊಡನೆ ಸೇರಿದವನು, ಇನ್ನೊಬ್ಬ ಪರಕೀಯರ ನೇಣಿಗೆ ತಲೆಕೊಟ್ಟವನು. ‘ಲಕ್ಷ್ಮಪ್ಪ ಬಂಗರಸ’ ಎಂದು ಪರದೆಯ ಮೇಲೆ ಬರೆದು ಕೆಳಗೆ ಅಂಕ ಹಾಕುವವನು ಯಾರ ಸ್ವಭಾವಕ್ಕೆ ಹಾಕಬೇಕು? ಅದೇ ದಂಗೆಯ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನ ಬಾವುಟಗುಡ್ಡೆಯಲ್ಲಿ 2022ರಲ್ಲಿ ನಿಂತಿತು. ಪ್ರತಿಮೆಗೂ ಆಟಕ್ಕೂ ಈ ವಿಷಯದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಒಬ್ಬರನ್ನು ಎತ್ತರದಲ್ಲಿ ನಿಲ್ಲಿಸಿದರೆ ಜೊತೆಗಿದ್ದವರು ಚಿತ್ರದಿಂದ ಹೊರಗೆ ಹೋಗುತ್ತಾರೆ.

ಎಲ್ಲ ಆಟಗಳೂ ಹೀಗಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಸ್ವೀಡನ್ನಿನ ಪ್ಯಾರಡಾಕ್ಸ್ ಕಂಪನಿ 2013ರಲ್ಲಿ ಹೊರತಂದ ‘ಯುರೋಪಾ ಯೂನಿವರ್ಸಾಲಿಸ್’ನ ನಾಲ್ಕನೆಯ ಆಟ 1444ರ ನವೆಂಬರ್ 11ರಂದು ಆರಂಭವಾಗುತ್ತದೆ. ಅಲ್ಲಿ ವಿಜಯನಗರವನ್ನೇ ಆರಿಸಿಕೊಂಡು ಆಡಬಹುದು. ಅಮರ ನಾಯಕರಿಲ್ಲ. ಅರಸ ಮುದುಕನಾಗುತ್ತಾನೆ, ಸಾಯುತ್ತಾನೆ, ಉತ್ತರಾಧಿಕಾರಿ ಬರುತ್ತಾನೆ. ಬಂದವನು ದಡ್ಡನಾದರೆ ಆಟಗಾರನ ಗ್ರಹಚಾರ. ಚರಿತ್ರೆಯಲ್ಲಿ ಆ ದಿನ ವಿಜಯನಗರದ ಗದ್ದುಗೆಯ ಮೇಲಿದ್ದವನು ಇಮ್ಮಡಿ ದೇವರಾಯ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕೆಲಸ 1430ರಲ್ಲಿ ಆರಂಭವಾದದ್ದು ಅವನ ಆಳ್ವಿಕೆಯಲ್ಲೇ. ಈ ಬಗೆಯ ಆಟಕ್ಕೆ ಅಳಿಯಕಟ್ಟನ್ನು ಒಗ್ಗಿಸುವುದು ಕಷ್ಟವಾಗಲಾರದು. ಅರಸನಿಗೆ ಮಗ ಹುಟ್ಟಿದಾಗ ಅಲ್ಲ, ತಂಗಿಗೆ ಮಗು ಹುಟ್ಟಿದಾಗ ನಗಾರಿ ಬಾರಿಸಬೇಕು, ಅಷ್ಟೆ. ಏಳನೆಯ ‘ಸಿವಿಲೈಸೇಷನ್’ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ನಾಯಕನನ್ನು ನಾಡಿನಿಂದ ಬಿಡಿಸಿಬಿಟ್ಟಿದ್ದಾರೆ. ಅಶೋಕ ರೋಮನ್ನರನ್ನೂ ಆಳಬಹುದು. ಅರಸರಲ್ಲದ ಕನ್‌ಫ್ಯೂಷಿಯಸ್, ಗುಲಾಮರನ್ನು ಬಿಡಿಸಿದ ಹ್ಯಾರಿಯೆಟ್ ಟಬ್‌ಮನ್, ಪ್ರವಾಸಿ ಇಬ್ನ್ ಬತೂತ ಮೊದಲಾದವರೂ ನಾಯಕರಾಗಿದ್ದಾರೆ. ಜಗಳವನ್ನು ಬಿಡಿಸುವ ಬದಲು ಜಗಳದ ವಸ್ತುವನ್ನೇ ಕಿತ್ತಿಟ್ಟಂತಾಯಿತು. ಜಾಣತನವೇನೋ ಹೌದು. ಆದರೆ ಊರಿಲ್ಲದ ನಾಯಕನಿಂದ ಊರಿನ ವಿಷಯ ತಿಳಿಯುವುದು ಹೇಗೆ?

ಮಣೇಲಿನಲ್ಲಿ ಡೆಲ್ಲಾ ವಾಲ್ಲೆ ಕಂಡ ಅಬ್ಬಕ್ಕನ ವರ್ಣನೆಗೆ ಮತ್ತೆ ಬರಬಹುದು. ಅವಳ ಕಾಲದ ಚಿತ್ರ ಯಾವುದೂ ಸಿಕ್ಕದಿರುವಾಗ ಇರುವುದು ಈ ಮಾತಿನ ಚಿತ್ರವೊಂದೇ. ಅವನು ಅವಳನ್ನು ಕಂಡದ್ದು ಸಿಂಹಾಸನದ ಮೇಲಲ್ಲ, ದಾರಿಯಲ್ಲಿ. ಕಪ್ಪು ಮೈಬಣ್ಣ, ತುಂಬಿದ ಮೈ, ಆದರೂ ಚುರುಕು ನಡಿಗೆ. ಬರಿಗಾಲು. ಉಟ್ಟದ್ದು ಸಾದಾ ಹತ್ತಿಯ ಬಟ್ಟೆ. ಹಿಂದೆ ಮುಂದೆ ಕತ್ತಿ ಹಿಡಿದ ಕೆಲವು ಕಾಲಾಳುಗಳು, ಒಬ್ಬನ ಕೈಯಲ್ಲಿ ತಾಳೆಗರಿಯ ದೊಡ್ಡ ಛತ್ರಿ. ಉಡುಗೆ ನೋಡಿದರೆ ಅಡುಗೆಮನೆಯ ಕೆಲಸದವಳೆಂದು ತೋರುತ್ತಿತ್ತು, ಮಾತು ಕೇಳಿದಾಗ ರಾಣಿಯೆಂದು ತಿಳಿಯುತ್ತಿತ್ತು ಎಂಬರ್ಥದಲ್ಲಿ ಆ ಪರದೇಶಿ ಬರೆಯುತ್ತಾನೆ. ಬಿಳಿಯನ ಕಣ್ಣಿನ ಸೊಕ್ಕು ಅದರಲ್ಲಿ ಇಲ್ಲದಿಲ್ಲ. ಆ ಹೊತ್ತಿಗೆ ಅವಳು ಹೊರಟಿದ್ದದ್ದು ತಾನು ತೋಡಿಸುತ್ತಿದ್ದ ನೀರಿನ ಕಾಲುವೆಗಳ ಕೆಲಸ ನೋಡಲು.

1991ರ ಆ ಮೊದಲ ಆಟದಲ್ಲೂ ಕಾಲುವೆ ಇದೆ. ಊರು ಕಟ್ಟಿದ ಕೂಡಲೇ ಆಟಗಾರ ಮಾಡುವ ಕೆಲಸಗಳಲ್ಲಿ ಅದೊಂದು. ಪಕ್ಕದ ಚೌಕಕ್ಕೆ ನೀರು ಹರಿಸಿದರೆ ಬೆಳೆ ಹೆಚ್ಚುತ್ತದೆ, ಊರು ಬೆಳೆಯುತ್ತದೆ. ಆದರೆ ಆ ಕೆಲಸ ಹೆಸರಿಲ್ಲದ ಪುಟ್ಟ ಗೊಂಬೆಗಳದು. ನಾಯಕರ ಮುಖ ಪರದೆಯ ಮೇಲೆ ಬರುವುದು ಸಂಧಿಗೆ ಮತ್ತು ಸಮರಕ್ಕೆ.